ನೀಲಿ ಬೋರ್ಡ್ ಇರೋ ಕಲ್ಲು, ಬೋರ್ಡೇ ಇಲ್ಲದ ಕಲ್ಲು: ದುರ್ಗ, ದಾವಣಗೆರೆಯ ಹಳೆ ಕಟ್ಟಡಗಳನ್ನು ಅರ್ಥ ಮಾಡಿಕೊಳ್ಳೋದು ಹೇಗೆ?

ಹರಿಹರದ ಕಡೆ ಒಂದು ಹಳ್ಳಿಯಲ್ಲಿ ನಮ್ಮ ಚಿಕ್ಕಪ್ಪನ ಮನೆ ಇದೆ. ಓಣಿ ದಾಟಿ ಸ್ವಲ್ಪ ಮುಂದೆ ಹೋದರೆ ಹಳೆಯ ಈಶ್ವರನ ಗುಡಿ. ಗುಡಿ ಮುಂದೆ ನೀಲಿ ಬಣ್ಣದ ಬೋರ್ಡು. ಚಿಕ್ಕಪ್ಪ ಹುಡುಗರಾಗಿದ್ದಾಗಿನಿಂದ ಆ ಬೋರ್ಡ್ ನೋಡುತ್ತಲೇ ಬಂದಿದ್ದಾರೆ. ಓದಿದ್ದು ಮಾತ್ರ ಹೋದ ವರ್ಷ. ಹಿತ್ತಲಲ್ಲಿ ಮಗನಿಗೆ ಎರಡು ರೂಮು ಕಟ್ಟಿಸೋಣ ಅಂತ ಮೇಸ್ತ್ರಿಯನ್ನು ಕರೆಸಿದ್ದರು. ಆತ ಜಾಗ ನೋಡಿ, "ಇಲ್ಲಿ ಹಂಗೆಲ್ಲ ಪಾಯ ತೆಗೆಯಾಕೆ ಬರಲ್ಲ ಅಣ್ಣಾರೆ, ಗುಡಿ ಹತ್ರ ಐತಿ, ಮೊದ್ಲು ಪರ್ಮಿಷನ್ ತಗಳ್ಳಿ" ಅಂದನಂತೆ.

"ನಮ್ಮ ಜಾಗದಾಗ ನಾವು ಕಟ್ಟಾಕೂ ಯಾರ್ನ ಕೇಳ್ಬೇಕಪ್ಪಾ?" ಅಂತ ಚಿಕ್ಕಪ್ಪ ಅವತ್ತು ರಾತ್ರಿಯೇ ನನಗೆ ಫೋನ್ ಮಾಡಿದರು.

ಇದು ಅವರೊಬ್ಬರ ಪ್ರಶ್ನೆ ಅಲ್ಲ. ಚಿತ್ರದುರ್ಗ, ದಾವಣಗೆರೆ ಎರಡೂ ಜಿಲ್ಲೆಗಳಲ್ಲಿ ಹಳೇ ಗುಡಿ, ಕೋಟೆ, ಹೊಂಡಗಳ ಪಕ್ಕದಲ್ಲೇ ಊರು ಬೆಳೆದಿದೆ. ಸೈಟ್ ಕೊಳ್ಳುವಾಗ, ಮನೆ ಕಟ್ಟುವಾಗ, ಗುಡಿ ಜೀರ್ಣೋದ್ಧಾರಕ್ಕೆ ಪಟ್ಟಿ ಎತ್ತುವಾಗ, ಹೊಲ ಉಳುವಾಗ ಒಂದು ಕೆತ್ತಿದ ಕಲ್ಲು ನೇಗಿಲಿಗೆ ಸಿಕ್ಕಾಗ, ಈ ವಿಷಯ ಇದ್ದಕ್ಕಿದ್ದಂತೆ ನಮ್ಮ ಮನೆ ಬಾಗಿಲಿಗೇ ಬಂದು ನಿಲ್ಲುತ್ತದೆ. ಹಾಗಾಗಿ ಬುಡದಿಂದಲೇ ನೋಡೋಣ.

ಸ್ಮಾರಕ ಅಂದ್ರೆ ಯಾವುದು?

ಹಳೆಯದೆಲ್ಲ ಸ್ಮಾರಕ ಆಗುವುದಿಲ್ಲ. ಕೇಂದ್ರ ಸರ್ಕಾರದ 1958ರ ಪ್ರಾಚೀನ ಸ್ಮಾರಕಗಳ ಕಾಯ್ದೆ ಪ್ರಕಾರ ಮೊದಲ ಷರತ್ತು ವಯಸ್ಸು. ಕಟ್ಟಡವೋ, ಗುಹೆಯೋ, ಶಾಸನವೋ, ಕಡೇಪಕ್ಷ 100 ವರ್ಷದಿಂದ ಇರಬೇಕು. ಎರಡನೆಯದು ಮಹತ್ವ. ಇತಿಹಾಸಕ್ಕೋ ಕಲೆಗೋ ಅದರಿಂದ ಏನಾದರೂ ತಿಳಿಯುವಂತಿರಬೇಕು. ಇವೆರಡೂ ಇದ್ದರೂ ಸಾಲದು. ಸರ್ಕಾರ ಅದನ್ನು ಅಧಿಸೂಚನೆ ಹೊರಡಿಸಿ ಪಟ್ಟಿಗೆ ಸೇರಿಸಬೇಕು. ಆಗ ಅದು "ಸಂರಕ್ಷಿತ ಸ್ಮಾರಕ". ನೀಲಿ ಬೋರ್ಡ್ ಬರುವುದು ಆಮೇಲೆ.

ಪಟ್ಟಿ ಎರಡು ಇವೆ. ಒಂದು ಕೇಂದ್ರದ್ದು, ನೋಡಿಕೊಳ್ಳುವುದು ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆ. ಇನ್ನೊಂದು ರಾಜ್ಯದ್ದು, ಅದಕ್ಕೆ 1961ರ ಬೇರೆ ಕಾಯ್ದೆ ಇದೆ, ಬೇರೆ ಇಲಾಖೆ ಇದೆ. ಇಡೀ ಕರ್ನಾಟಕದಲ್ಲಿ ಕೇಂದ್ರದ ಪಟ್ಟಿಯಲ್ಲಿರುವುದು 500ಕ್ಕಿಂತ ಸ್ವಲ್ಪ ಜಾಸ್ತಿ. ರಾಜ್ಯದ ಪಟ್ಟಿಯಲ್ಲಿ 800ಕ್ಕಿಂತ ಜಾಸ್ತಿ. ಎರಡೂ ಸೇರಿಸಿದರೂ ನಮ್ಮ ಊರೂರಿನ ಗುಡಿ, ಕಲ್ಲು, ಬಾವಿಗಳ ಲೆಕ್ಕದ ಮುಂದೆ ಇದು ಮುಷ್ಟಿಯಷ್ಟು. ಈ ಲೇಖನ ಓದುವಾಗ ಈ ಮಾತು ನೆನಪಿರಲಿ. ಬೋರ್ಡ್ ಇಲ್ಲ ಅಂದ ಮಾತ್ರಕ್ಕೆ ಬೆಲೆ ಇಲ್ಲ ಅಂತ ಅರ್ಥ ಅಲ್ಲ. ಯಾರೂ ಇನ್ನೂ ಪಟ್ಟಿಗೆ ಸೇರಿಸಿಲ್ಲ, ಅಷ್ಟೇ.

ಜನಕ್ಕೆ ಗೊಂದಲ ಆಗುವ ಇನ್ನೊಂದು ಹೆಸರು ಮುಜರಾಯಿ. ಗುಡಿಯ ಪೂಜೆ, ಅರ್ಚಕರು, ಹುಂಡಿ, ಜಾತ್ರೆ ಇವೆಲ್ಲ ಮುಜರಾಯಿ ಇಲಾಖೆಗೆ ಸೇರಿದ್ದು. ಸಂರಕ್ಷಿತ ಗುಡಿಯಾದರೆ ಅದರ ಗೋಡೆ, ಕಂಬ, ಶಿಖರ ಪುರಾತತ್ವ ಇಲಾಖೆಗೆ ಸೇರಿದ್ದು. ಬಾಡಿಗೆ ಮನೆ ಥರ ಅಂದುಕೊಳ್ಳಿ. ಒಲೆ ಹಚ್ಚುವವರು ಒಬ್ಬರು, ಸೂರು ನೋಡಿಕೊಳ್ಳುವವರು ಇನ್ನೊಬ್ಬರು. ಹಾಗಾಗಿ ದಿನಾ ಪೂಜೆ ನಡೆಯುವ ಗುಡಿಯಲ್ಲೂ ಕಮಿಟಿಯವರು ತಾವಾಗಿ ಒಂದು ಗೋಡೆ ಒಡೆಯುವ ಹಾಗಿಲ್ಲ.

100 ಮೀಟರ್, ಆಮೇಲೆ 200 ಮೀಟರ್

ಚಿಕ್ಕಪ್ಪನ ಪ್ರಶ್ನೆಗೆ ಉತ್ತರ ಇಲ್ಲಿದೆ. ಕೇಂದ್ರದ ಪಟ್ಟಿಯಲ್ಲಿರುವ ಸ್ಮಾರಕದ ಸುತ್ತ ಎರಡು ವರ್ತುಲ ಎಳೆಯುತ್ತಾರೆ. ಮೊದಲ 100 ಮೀಟರ್ "ನಿಷೇಧಿತ ಪ್ರದೇಶ". ಅಲ್ಲಿಂದಾಚೆ ಇನ್ನೂ 200 ಮೀಟರ್ "ನಿಯಂತ್ರಿತ ಪ್ರದೇಶ". ಒಟ್ಟು 300 ಮೀಟರ್. ಇದು ಮೊದಲು ಬಂದದ್ದು 1992ರ ಜೂನ್ 16ರ ಅಧಿಸೂಚನೆಯಲ್ಲಿ. 2010ರಲ್ಲಿ ಕಾಯ್ದೆಗೆ ತಿದ್ದುಪಡಿ ಮಾಡಿ ಗಟ್ಟಿ ಮಾಡಿದರು.

ನಿಷೇಧಿತ ಜಾಗದಲ್ಲಿ ಖಾಸಗಿಯವರು ಹೊಸದಾಗಿ ಏನೂ ಕಟ್ಟುವಂತಿಲ್ಲ. ಆದರೆ 1992ರ ಜೂನ್ 16ಕ್ಕಿಂತ ಮುಂಚೆಯೇ ಮನೆ ಇದ್ದರೆ, ಸೋರುವ ಸೂರು ಸರಿ ಮಾಡಿಸೋದು, ಬಿರುಕು ಬಿಟ್ಟ ಗೋಡೆ ರಿಪೇರಿ ಮಾಡಿಸೋದು, ಇಂಥದ್ದಕ್ಕೆ ಅರ್ಜಿ ಹಾಕಬಹುದು. ನಿಯಂತ್ರಿತ ಜಾಗದಲ್ಲಿ ಹೊಸ ಮನೆಯನ್ನೂ ಕಟ್ಟಬಹುದು, ಅನುಮತಿ ಪಡೆದು. ಅನುಮತಿ ಇಲ್ಲದೆ ಕಟ್ಟಿದರೆ ಎರಡು ವರ್ಷದವರೆಗೆ ಜೈಲು, ಇಲ್ಲವೇ ಒಂದು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ.

ಅಳತೆ ಎಲ್ಲಿಂದ ಅನ್ನೋದು ಮುಖ್ಯ. ಗರ್ಭಗುಡಿಯಿಂದ ಅಲ್ಲ, ಶಿಖರದಿಂದಲೂ ಅಲ್ಲ. ಸಂರಕ್ಷಿತ ಜಾಗದ ಗಡಿಯಿಂದ. ಗುಡಿಯ ಸುತ್ತ ಇರುವ ಜಾಗವೂ ಸಂರಕ್ಷಿತ ಅಂತ ಇದ್ದರೆ ಲೆಕ್ಕ ಆ ಜಾಗದ ಅಂಚಿನಿಂದ ಶುರು. ಸೈಟ್ ಕೊಳ್ಳುವವರು ಇದನ್ನೇ ತಪ್ಪು ಮಾಡುವುದು. ಗುಡಿಯಿಂದ ಹೆಜ್ಜೆ ಎಣಿಸಿ ಸುಮ್ನೆ ಧೈರ್ಯವಾಗಿರುತ್ತಾರೆ.

ಇಷ್ಟು ದೂರ ಯಾಕೆ ಬೇಕು? ನೋಟಕ್ಕೆ ಅಡ್ಡ ಆಗಬಾರದು ಅನ್ನೋದು ಒಂದು ಕಾರಣ. ಅದಕ್ಕಿಂತ ದೊಡ್ಡದು ನೆಲದೊಳಗಿನ ಕಾರಣ. ಗುಡಿ ಒಂಟಿಯಾಗಿ ಹುಟ್ಟುವುದಿಲ್ಲ. ಸುತ್ತ ಒಂದು ಊರು, ಸಂತೆ, ಕೆರೆ, ಅಗ್ರಹಾರ ಇದ್ದಿರುತ್ತದೆ. ಪಾಯ ತೆಗೆದಾಗ ಒಡೆದುಹೋಗುವುದು ಅದೇ. ಜೊತೆಗೆ ಬೋರ್‌ವೆಲ್ ಕೊರೆಯುವ ಅದುರು, ಹೊಸ ಚರಂಡಿ ನೀರು ಹಳೇ ಅಡಿಪಾಯದ ಕಡೆ ತಿರುಗೋದು, ಇವೂ ಇವೆ.

ಮೊಳಕಾಲ್ಮೂರಿನ ಗುಂಡು, ಚಂದ್ರವಳ್ಳಿಯ ಕೆರೆ

ಈಗ ನಮ್ಮ ಸುತ್ತ ಏನಿದೆ ಅಂತ ನೋಡೋಣ. ಅದಕ್ಕೂ ಮುಂಚೆ ಒಂದು ಮಾತು. ಹಳೆಯ ಪುಸ್ತಕಗಳಲ್ಲಿ ಹುಡುಕುವವರು ಗಮನಿಸಬೇಕು. ದಾವಣಗೆರೆ ಜಿಲ್ಲೆ ಆದದ್ದು 1997ರಲ್ಲಿ. ಅದಕ್ಕೂ ಮುಂಚೆ ದಾವಣಗೆರೆ, ಹರಿಹರ, ಜಗಳೂರು ಚಿತ್ರದುರ್ಗಕ್ಕೆ ಸೇರಿದ್ದವು. ಚನ್ನಗಿರಿ, ಹೊನ್ನಾಳಿ ಶಿವಮೊಗ್ಗಕ್ಕೆ. ಹಾಗಾಗಿ ಹರಿಹರದ ಶಾಸನ ಬೇಕಾದರೆ ಚಿತ್ರದುರ್ಗದ ಶಾಸನ ಸಂಪುಟದಲ್ಲಿ, ಸಂತೇಬೆನ್ನೂರಿನದ್ದು ಬೇಕಾದರೆ ಶಿವಮೊಗ್ಗದ ಸಂಪುಟದಲ್ಲಿ ನೋಡಬೇಕು.

ನಮ್ಮಲ್ಲಿ ಓದಲು ಸಿಗುವ ಅತಿ ಹಳೆಯ ಬರಹ ಮೊಳಕಾಲ್ಮೂರು ತಾಲ್ಲೂಕಿನಲ್ಲಿದೆ. ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರ, ಹತ್ತಿರ ಹತ್ತಿರದ ಈ ಮೂರು ಕಡೆ ಅಶೋಕನ ಶಾಸನಗಳಿವೆ. ಅಂದರೆ ಕ್ರಿಸ್ತಪೂರ್ವ ಮೂರನೇ ಶತಮಾನದವು. 1892ರಲ್ಲಿ ಶಾಸನತಜ್ಞ ಬಿ. ಎಲ್. ರೈಸ್ ಇವನ್ನು ಗುರುತಿಸಿದರು. ಭಾಷೆ ಪ್ರಾಕೃತ, ಲಿಪಿ ಬ್ರಾಹ್ಮಿ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಅಧಿಕಾರಿಗಳು ಇಸಿಲ ಎಂಬ ಊರಿನ ಅಧಿಕಾರಿಗಳಿಗೆ ಕಳಿಸಿದ ಸುತ್ತೋಲೆ ಅದು. ಒಳಗಿರುವ ಮಾತು ತೀರಾ ಸರಳ: ತಂದೆತಾಯಿಯ ಮಾತು ಕೇಳಿ, ಜೀವಗಳ ಮೇಲೆ ದಯೆ ಇರಲಿ, ನಿಜ ಹೇಳಿ, ಗುರುವಿಗೆ ಗೌರವ ಕೊಡಿ.

ನನಗೆ ಅಲ್ಲಿ ಎಲ್ಲಕ್ಕಿಂತ ಇಷ್ಟವಾಗುವುದು ಕೊನೆಯ ಸಾಲು. ಬರೆದವನ ಹೆಸರು ಚಪಡ. ಎಲ್ಲವನ್ನೂ ಬ್ರಾಹ್ಮಿಯಲ್ಲಿ ಎಡದಿಂದ ಬಲಕ್ಕೆ ಬರೆದವನು, "ಲಿಪಿಕಾರನಿಂದ" ಅನ್ನುವ ಒಂದೇ ಒಂದು ಪದವನ್ನು ಖರೋಷ್ಠಿ ಲಿಪಿಯಲ್ಲಿ ಬಲದಿಂದ ಎಡಕ್ಕೆ ಬರೆದಿದ್ದಾನೆ. ಖರೋಷ್ಠಿ ಬಳಕೆಯಲ್ಲಿದ್ದದ್ದು ದೂರದ ವಾಯವ್ಯದಲ್ಲಿ, ಈಗಿನ ಪಾಕಿಸ್ತಾನ, ಅಫ್ಘಾನಿಸ್ತಾನದ ಕಡೆ. ಆ ಲಿಪಿ ಬಲ್ಲ ಒಬ್ಬ ಮನುಷ್ಯ ನಮ್ಮ ಮೊಳಕಾಲ್ಮೂರಿನ ಬಿಸಿಲಲ್ಲಿ ಈ ಬಂಡೆಯ ಮುಂದೆ ಕೂತಿದ್ದ. ಹಳ್ಳಿಯವರು ಬ್ರಹ್ಮಗಿರಿಯ ಆ ಬಂಡೆಗೆ ಇಟ್ಟ ಹೆಸರು "ಅಕ್ಷರ ಗುಂಡು". ಜಟಿಂಗ ರಾಮೇಶ್ವರದ್ದಕ್ಕೆ "ಬಳೆಗಾರರ ಗುಂಡು". ಜಾತ್ರೆಯಲ್ಲಿ ಬಳೆಗಾರರು ಅದರ ಮೇಲೇ ಅಂಗಡಿ ಹಾಕುತ್ತಿದ್ದರು. ಅಲ್ಲಿನ ಅಕ್ಷರ ತುಂಬಾ ಸವೆದಿದೆ.

1947ರಲ್ಲಿ ಪುರಾತತ್ವ ಇಲಾಖೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಬ್ರಹ್ಮಗಿರಿಯಲ್ಲೂ ಚಂದ್ರವಳ್ಳಿಯಲ್ಲೂ ಉತ್ಖನನ ಮಾಡಿಸಿದರು. ಉತ್ಖನನ ಅಂದರೆ ಸುಮ್ಮನೆ ಅಗೆಯೋದಲ್ಲ. ಕೇಕ್ ಕತ್ತರಿಸಿದರೆ ಪದರ ಪದರವಾಗಿ ಕಾಣುತ್ತದೆ ಅಲ್ವಾ, ಹಾಗೆ ಮಣ್ಣನ್ನು ನೆಟ್ಟಗೆ ಕತ್ತರಿಸಿ ಪದರ ಓದೋದು. ಕೆಳಗಿನದು ಹಳೆಯದು, ಮೇಲಿನದು ಹೊಸದು. ಬ್ರಹ್ಮಗಿರಿಯಲ್ಲಿ ಕೆಳಗೆ ಕಲ್ಲಿನ ಕೊಡಲಿ ಬಳಸಿದ ಜನ, ಅದರ ಮೇಲೆ ಕಬ್ಬಿಣ ಬಳಸಿ ದೊಡ್ಡ ಕಲ್ಲಿನ ಗೋರಿ ಕಟ್ಟಿದ ಜನ, ಅದರ ಮೇಲೆ ಶಾತವಾಹನರ ಕಾಲದ ಜನ. ನಿಧಿ ಆಸೆಗೆ ಗುಂಡಿ ತೋಡಿದವರು ಹಾಳು ಮಾಡುವುದು ಈ ಪದರವನ್ನೇ. ಒಮ್ಮೆ ಕಲಸಿದ ಮಣ್ಣನ್ನು ಮತ್ತೆ ಓದಲು ಆಗುವುದಿಲ್ಲ.

ದುರ್ಗದ ಪಕ್ಕದಲ್ಲೇ ಇರುವ ಚಂದ್ರವಳ್ಳಿಗೆ ಜನ ಹೋಗುವುದು ಅಂಕಲಿ ಮಠದ ನೆಲದಡಿಯ ಗುಹೆ ನೋಡಲು. ಆದರೆ ಅಲ್ಲಿ ಶಾತವಾಹನರ ನಾಣ್ಯಗಳ ಜೊತೆ ರೋಮ್‌ನ ನಾಣ್ಯಗಳೂ ಚೀನಾದ ನಾಣ್ಯವೂ ಸಿಕ್ಕಿವೆ. ಭೈರವೇಶ್ವರ ಗುಡಿ ಹತ್ತಿರದ ಬಂಡೆಯ ಮೇಲೆ ಕದಂಬರ ಮಯೂರಶರ್ಮನ ಶಾಸನ ಇದೆ. ನಾಲ್ಕನೇ ಶತಮಾನದ್ದು, ಪ್ರಾಕೃತದಲ್ಲಿದೆ. ವಿಷಯ ಏನು ಗೊತ್ತಾ? ಕೆರೆ. ಇಲ್ಲಿ ಕೆರೆ ಕಟ್ಟಿಸಿದ್ದೇನೆ ಅಂತ ರಾಜ ಬರೆಸಿದ್ದಾನೆ. ಮಳೆ ಕಮ್ಮಿ ಇರುವ ಸೀಮೆಯಲ್ಲಿ ಆಗಲೂ ದೊಡ್ಡ ಸುದ್ದಿ ನೀರೇ.

ಕೋಟೆಯನ್ನು ನೀರು ಹರಿದ ದಾರಿಯಲ್ಲಿ ನೋಡಿ

ಚಿತ್ರದುರ್ಗದ ಕೋಟೆ ಅಂದಕೂಡಲೇ ಒನಕೆ ಓಬವ್ವ. ಸರಿಯೇ. ಹೈದರಾಲಿಯ ಸೈನಿಕರು ಬಂಡೆ ಸಂದಿಯಲ್ಲಿ ನುಸುಳಿ ಬರುತ್ತಿದ್ದಾಗ, ಕಹಳೆ ಊದುವ ಗಂಡ ಊಟಕ್ಕೆ ಕೂತಿದ್ದಾಗ, ನೀರಿಗೆ ಹೋದ ಓಬವ್ವ ಒನಕೆ ಹಿಡಿದು ನಿಂತ ಕಥೆ ಇಲ್ಲಿನ ಮಕ್ಕಳಿಗೆಲ್ಲ ಬಾಯಿಪಾಠ. ಕಿಂಡಿಯ ಮುಂದೆ ಯಾವಾಗಲೂ ಜನ. ಆದರೆ ಆಕೆ ನೀರಿಗೆ ಹೋದದ್ದು ಎಲ್ಲಿಗೆ ಅಂತ ಕೇಳುವವರು ಕಮ್ಮಿ. ಹತ್ತಿರದಲ್ಲೇ ಇರುವ ತಣ್ಣೀರು ದೋಣಿಗೆ. ಬೇಸಿಗೆಯಲ್ಲೂ ತಣ್ಣಗಿರುವ ಚಿಕ್ಕ ನೀರಿನ ಆಸರೆ ಅದು. ಕಿಂಡಿ ನೋಡಿದವರು ನಾಲ್ಕು ಹೆಜ್ಜೆ ನಡೆದು ಅದನ್ನೂ ನೋಡಿ.

ಈ ಬೆಟ್ಟಕ್ಕೆ ಹೊಯ್ಸಳರ ಕಾಲದಲ್ಲಿ ಬೆಮ್ಮತ್ತನಕಲ್ಲು ಅಂತ ಹೆಸರಿತ್ತು. ವಿಜಯನಗರದ ಕೈಕೆಳಗೆ ಬಂದ ನಾಯಕರು ಮುಂದೆ ಪಾಳೆಯಗಾರರಾಗಿ ಸುಮಾರು ಎರಡು ಶತಮಾನ ಆಳಿದರು, ಒಬ್ಬೊಬ್ಬರೂ ಒಂದಿಷ್ಟು ಕಟ್ಟಿದರು. ಕೊನೆಯ ದೊರೆ ಮದಕರಿ ನಾಯಕರು. 1779ರಲ್ಲಿ ಕೋಟೆ ಹೈದರಾಲಿಯ ಪಾಲಾಯಿತು. ಏಳು ಸುತ್ತಿನ ಕೋಟೆ ಅನ್ನುತ್ತೇವೆ. ಒಬ್ಬ ರಾಜ ಒಂದೇ ಸಲಕ್ಕೆ ಏಳು ಸುತ್ತು ಕಟ್ಟಿಸಿದ್ದಲ್ಲ. ಹಳ್ಳಿಮನೆಗೆ ಅಜ್ಜ ಪಡಸಾಲೆ ಹಾಕಿಸಿ, ಅಪ್ಪ ಕೊಟ್ಟಿಗೆ ಸೇರಿಸಿ, ಮಗ ಮೋಲ್ಡ್ ಹಾಕಿಸಿದ ಹಾಗೆ ಬೆಳೆದದ್ದು.

ಬಾಗಿಲಿಗೆ ನೇರ ದಾರಿ ಯಾಕಿಲ್ಲ ಅಂತ ಹತ್ತುವಾಗ ಗಮನಿಸಿ. ಪ್ರತಿ ಬಾಗಿಲಿನ ಮುಂದೆ ದಾರಿ ಹಾವಿನ ಥರ ತಿರುಗುತ್ತದೆ. ಆನೆಯೋ ದಿಮ್ಮಿಯೋ ಕದಕ್ಕೆ ಗುದ್ದಬೇಕಾದರೆ ಓಡಿಬರಲು ಜಾಗ ಬೇಕು. ತಿರುವಿನಲ್ಲಿ ಆ ಓಟ ಸಿಗುವುದಿಲ್ಲ. ಜೊತೆಗೆ ಮೇಲಿನ ಗೋಡೆಯಲ್ಲಿ ನಿಂತವರಿಗೆ ಕೆಳಗೆ ತಿರುಗುವವರ ಬೆನ್ನು ಕಾಣುತ್ತದೆ.

ಗೋಡೆಯ ಕಲ್ಲುಗಳ ನಡುವೆ ಎಷ್ಟೋ ಕಡೆ ಗಾರೆಯೇ ಇಲ್ಲ. ಕಲ್ಲಿನ ಭಾರವೇ ಕಲ್ಲನ್ನು ಹಿಡಿದಿದೆ. ಕೆಲವು ಬಂಡೆಗಳ ಅಂಚಿನಲ್ಲಿ ಬೆರಳಗಲದ ತೂತುಗಳು ಸಾಲಾಗಿ ಕಾಣುತ್ತವೆ, ಹರಿದ ಅಂಚೆಚೀಟಿಯ ಅಂಚಿನ ಹಾಗೆ. ಬಂಡೆ ಸೀಳಲು ಬೆಣೆ ಹೊಡೆದ ಗುರುತು ಅದು. ಹತ್ತಿರ ಹೋಗಿ ಮುಟ್ಟಿ ನೋಡಿ. ಇದೇ ಗುಡ್ಡದ ಕಲ್ಲು ಇದೇ ಗುಡ್ಡದ ಗೋಡೆಯಾಗಿದೆ.

ಇಷ್ಟೆಲ್ಲ ಗೋಡೆ ಇದ್ದರೂ ನೀರಿಲ್ಲದ ಕೋಟೆ ಒಂದು ತಿಂಗಳು ನಿಲ್ಲುವುದಿಲ್ಲ. ಹೊರಗಿನವರು ಮುತ್ತಿಗೆ ಹಾಕಿ ಸುಮ್ಮನೆ ಕೂತರೆ ಸಾಕು, ಒಳಗಿನವರು ಬಾಯಾರಿ ಬಾಗಿಲು ತೆಗೆಯುತ್ತಾರೆ. ದುರ್ಗದವರು ಇದಕ್ಕೆ ಕಂಡುಕೊಂಡ ಉಪಾಯ ಇವತ್ತಿನ ಮಳೆನೀರು ಕೊಯ್ಲು. ಮೋಲ್ಡ್ ಮನೆಯ ಮೇಲೆ ಬಿದ್ದ ಮಳೆ ಇಂಗುವುದಿಲ್ಲ, ಪೈಪಿನಲ್ಲಿ ಇಳಿಯುತ್ತದೆ. ಬೋಳು ಬಂಡೆಯೂ ಹಾಗೆಯೇ, ಒಂದು ಹನಿಯನ್ನೂ ಕುಡಿಯುವುದಿಲ್ಲ. ಮೇಲಿನಿಂದ ಜಾರಿದ ನೀರು ಮೊದಲು ಗೋಪಾಲಸ್ವಾಮಿ ಹೊಂಡ ತುಂಬುತ್ತದೆ. ಅದು ತುಂಬಿ ಹೆಚ್ಚಾದದ್ದು ಅಕ್ಕ-ತಂಗಿ ಹೊಂಡಕ್ಕೆ. ಅಲ್ಲಿಂದ ಇಳಿದು ಸಿಹಿನೀರು ಹೊಂಡಕ್ಕೆ. ಕೊನೆಗೆ ಊರೊಳಗಿನ ಸಂತೆ ಹೊಂಡಕ್ಕೆ. ಪಂಪಿಲ್ಲ, ಯಂತ್ರ ಇಲ್ಲ, ಇಳಿಜಾರೇ ಎಲ್ಲ. ಒಂದು ಹೊಂಡದಲ್ಲಿ ಕೆಸರು ಕೂತು ತಿಳಿಯಾದ ಮೇಲೆ ನೀರು ಮುಂದಿನದಕ್ಕೆ ಹೋಗುತ್ತದೆ.

ಇದನ್ನು ತಿಳಿದು ಹತ್ತಿದರೆ ಕೋಟೆಯೇ ಬೇರೆ ಥರ ಕಾಣುತ್ತದೆ. ಹಿಡಿಂಬೇಶ್ವರ, ಸಂಪಿಗೆ ಸಿದ್ದೇಶ್ವರ, ಏಕನಾಥೇಶ್ವರಿ ಗುಡಿಗಳು, ಸಿಡಿಮದ್ದು ಬೀಸುತ್ತಿದ್ದ ದೈತ್ಯ ಬೀಸುವ ಕಲ್ಲುಗಳು, ತುಪ್ಪದ ಕೊಳ, ಬಯಲಲ್ಲಿ ಒಂಟಿಯಾಗಿ ನಿಂತಿರುವ ಅರಮನೆಯ ಮಣ್ಣಿನ ಗೋಡೆ, ಎಲ್ಲ ಸೇರಿ ಒಂದು ಊರು ಅಂತ ಅರ್ಥವಾಗುತ್ತದೆ. ಸಂತೆ ಹೊಂಡವನ್ನು ಬಿಟ್ಟು ಕೋಟೆ ನೋಡಿದರೆ ವಾಕ್ಯದ ಅರ್ಧ ಓದಿದಂತೆ.

ಹರಿಹರದ ಕಂಬ ಯಾಕೆ ಹೊಳೆಯುತ್ತದೆ, ದುರ್ಗದ ಕಂಬ ಯಾಕಿಲ್ಲ?

ಕೋಟೆಯ ಮೇಲಿನ ಗುಡಿಗಳು ಸರಳ. ಹರಿಹರದ ಹರಿಹರೇಶ್ವರ ಗುಡಿಯಲ್ಲಿ ಕಂಬಗಳು ಬಳೆ ಜೋಡಿಸಿಟ್ಟ ಹಾಗೆ ನುಣ್ಣಗಿವೆ. ಕಾರಣ ಭಕ್ತಿಯಲ್ಲಿ ಹೆಚ್ಚುಕಮ್ಮಿ ಅಲ್ಲ, ಕಲ್ಲಿನಲ್ಲಿ. ದುರ್ಗದ್ದು ಗಟ್ಟಿ ಗ್ರಾನೈಟು, ಉಳಿಗೆ ಸುಲಭಕ್ಕೆ ಮಣಿಯುವುದಿಲ್ಲ. ಚಾಲುಕ್ಯರೂ ಹೊಯ್ಸಳರೂ ನೆಚ್ಚಿಕೊಂಡದ್ದು ಬಳಪದ ಕಲ್ಲು. ನೆಲದಿಂದ ತೆಗೆದ ಹೊಸದರಲ್ಲಿ ಮೆತ್ತಗಿರುತ್ತದೆ, ಗಾಳಿಗೆ ಬಿಟ್ಟಂತೆ ಗಟ್ಟಿಯಾಗುತ್ತದೆ. ಚನ್ನಪಟ್ಟಣದ ಗೊಂಬೆಯನ್ನು ತಿರುಗಿಸುತ್ತಾ ಕಡೆಯುವುದನ್ನು ನೋಡಿದ್ದೀರಲ್ಲ, ಈ ಕಂಬಗಳನ್ನೂ ಹಾಗೇ ತಿರುಗಿಸಿ ಕಡೆದದ್ದು. ಅದಕ್ಕೇ ಅಷ್ಟು ಸರಿಯಾದ ದುಂಡು ಬರುತ್ತದೆ.

ಈ ಗುಡಿಯನ್ನು 1224ರ ಹೊತ್ತಿಗೆ ಕಟ್ಟಿಸಿದವನು ಹೊಯ್ಸಳ ದೊರೆ ಇಮ್ಮಡಿ ನರಸಿಂಹನ ದಂಡನಾಯಕ ಪೋಲಾಳ್ವ. ಒಳಗಿರುವ ಮೂರ್ತಿ ಒಂದೇ, ದೇವರು ಇಬ್ಬರು. ಮೂರ್ತಿಯ ಬಲಗಡೆ ಅರ್ಧ ಹರ, ಎಡಗಡೆ ಅರ್ಧ ಹರಿ. ಹರಿಯಿಂದಾಗಲೀ ಹರನಿಂದಾಗಲೀ ಸಾವಿಲ್ಲ ಅಂತ ವರ ಪಡೆದ ಗುಹಾಸುರನನ್ನು ಕೊಲ್ಲಲು ಇಬ್ಬರೂ ಒಂದಾದರು ಅನ್ನೋದು ಸ್ಥಳದ ಕಥೆ. ಈಗಿರುವ ಗೋಪುರದ ಭಾಗ ಇಟ್ಟಿಗೆ ಗಾರೆಯದ್ದು, ಆಮೇಲಿನದು. ಹಳೇ ಗುಡಿಗಳಲ್ಲಿ ಇದು ತುಂಬಾ ಕಡೆ ಹೀಗೆಯೇ. ಕೆಳಗೆ ಒಂದು ಕಾಲ, ಮೇಲೆ ಇನ್ನೊಂದು ಕಾಲ.

ಚನ್ನಗಿರಿ ತಾಲ್ಲೂಕಿನ ಸಂತೇಬೆನ್ನೂರಿನಲ್ಲಿ ಇನ್ನೊಂದು ಥರದ ಜೋಡಿ ಇದೆ. ನಾಯಕ ಅರಸರು ಕಟ್ಟಿಸಿದ ದೊಡ್ಡ ಪುಷ್ಕರಣಿ, ನೀರಿನ ನಡುವೆ ಕಮಾನುಗಳ ವಸಂತ ಮಂಟಪ, ದಡದಲ್ಲಿ ಬಿಜಾಪುರದ ಸೇನಾಪತಿ ರಣದುಲ್ಲಾ ಖಾನನ ಕಾಲದ ಮುಸಾಫಿರ್‌ಖಾನೆ. ಮುಸಾಫಿರ್ ಅಂದರೆ ದಾರಿಹೋಕ. ಮಂಟಪದ ಕಮಾನು ನೋಡಿದರೆ ಎರಡು ಕಡೆಯ ಕಟ್ಟುವ ರೀತಿ ಒಂದೇ ಕಲ್ಲಿನಲ್ಲಿ ಸೇರಿರುವುದು ಕಾಣುತ್ತದೆ.

ಹಿರಿಯೂರಿನ ವಾಣಿವಿಲಾಸ ಸಾಗರದ ಬಗ್ಗೆ ಒಂದೇ ಮಾತು. ವೇದಾವತಿಗೆ ಅಡ್ಡ ಕಟ್ಟಿದ ಈ ಅಣೆಕಟ್ಟೆ ಮುಗಿದದ್ದು 1907ರಲ್ಲಿ, ಅಂದರೆ ಅದಕ್ಕೂ 100 ದಾಟಿದೆ. 1933ರ ನಂತರ ಕೋಡಿ ಬಿದ್ದದ್ದು 2022ರಲ್ಲಿ. ನೋಡಲು ಜಾತ್ರೆಯಂತೆ ಜನ ಬಂದಿದ್ದರು.

ಬೋರ್ಡ್ ಇಲ್ಲದ ಕಲ್ಲುಗಳನ್ನು ಗುರುತಿಸೋದು

ನನಗೆ ಜಾಸ್ತಿ ಸಂಕಟ ಆಗುವುದು ಈ ಕಲ್ಲುಗಳ ವಿಷಯದಲ್ಲೇ. ಬಟ್ಟೆ ಒಗೆಯುವ ಕಲ್ಲಾಗಿ, ಚರಂಡಿ ಮೇಲಿನ ಹಾಸುಗಲ್ಲಾಗಿ, ಬಸ್‌ಸ್ಟಾಪಿನ ಕೂರುವ ಕಲ್ಲಾಗಿ ಎಷ್ಟೋ ಇವೆ. ಏನಂತ ಗೊತ್ತಿಲ್ಲದೆ ಮಾಡಿದ್ದು. ಗೊತ್ತಾದರೆ ಯಾರೂ ಮಾಡುವುದಿಲ್ಲ.

ವೀರಗಲ್ಲನ್ನು ಗುರುತಿಸೋದು ಸುಲಭ. ಸಾಮಾನ್ಯವಾಗಿ ಮೂರು ಅಂತಸ್ತು, ಓದಬೇಕಾದದ್ದು ಕೆಳಗಿನಿಂದ ಮೇಲಕ್ಕೆ. ಕೆಳಗೆ ಹೋರಾಟ: ಕುದುರೆ, ಬಿಲ್ಲು, ಕತ್ತಿ, ಎಷ್ಟೋ ಕಡೆ ದನಗಳು. ತುರು ಅಂದರೆ ದನ. ಊರಿನ ದನ ಹೊಡೆದುಕೊಂಡು ಹೋಗುವ ಕಳ್ಳರ ಜೊತೆ ಕಾದಿ ಸತ್ತವನಿಗೆ ಹಾಕಿಸಿದ್ದು ತುರುಗೊಳ್ ವೀರಗಲ್ಲು. ನಡುವೆ ಅಪ್ಸರೆಯರು ಅವನನ್ನು ಎರಡೂ ಕಡೆ ಹಿಡಿದು ಮೇಲಕ್ಕೆ ಒಯ್ಯುತ್ತಿರುತ್ತಾರೆ. ಮೇಲೆ ಶಿವಲಿಂಗದ ಮುಂದೆ ಅವನು ಕೈಮುಗಿದು ಕೂತಿರುತ್ತಾನೆ, ತುದಿಯಲ್ಲಿ ಸೂರ್ಯ ಚಂದ್ರ. ರಾಜರ ಕಥೆ ಶಾಸನದಲ್ಲಿ ಸಿಗುತ್ತದೆ. ದನ ಕಾಯಲು ಹೋಗಿ ಸತ್ತ ನಮ್ಮಂಥವರ ಕಥೆ ಸಿಗುವುದು ಈ ಕಲ್ಲಿನಲ್ಲಿ ಮಾತ್ರ.

ಮಾಸ್ತಿಕಲ್ಲಿನಲ್ಲಿ ಕಂಬದಿಂದ ಹೊರಟ ಒಂದು ಕೈ ಇರುತ್ತದೆ. ಮೊಣಕೈ ಬಗ್ಗಿಸಿ, ಅಂಗೈ ಮೇಲೆತ್ತಿ, ತುಂಬಾ ಬಳೆ. ಗಂಡನ ಚಿತೆ ಏರಿದ ಹೆಂಗಸಿನ ನೆನಪಿನ ಕಲ್ಲು ಅದು. ನೋಡಿದಾಗ ಮನಸ್ಸು ಭಾರವಾಗುತ್ತದೆ. ಆದರೂ ಅದು ಇರಲೇಬೇಕಾದ ಕಲ್ಲು.

ದಾನಶಾಸನದ ನೆತ್ತಿಯಲ್ಲಿ ಸೂರ್ಯ, ಚಂದ್ರ, ಲಿಂಗ, ಕರುವಿಗೆ ಹಾಲುಣಿಸುವ ಹಸು ಇರುತ್ತವೆ. ಕೆಳಗೆ ಅಕ್ಷರ. ಸೂರ್ಯ ಚಂದ್ರ ಇರುವವರೆಗೂ ಈ ದಾನ ನಡೆಯಲಿ ಅನ್ನೋದು ಚಿತ್ರದ ಅರ್ಥ. ಕೊನೆಯಲ್ಲಿ ಒಂದು ಶಾಪ ಇರುತ್ತದೆ: ಇದನ್ನು ಕೆಡಿಸಿದವನಿಗೆ ಕಾಶಿಯಲ್ಲಿ ಕವಿಲೆಯನ್ನು, ಅಂದರೆ ಹಸುವನ್ನು, ಕೊಂದ ಪಾಪ. ಈಗಿನ ಕಾಲದ ದಸ್ತಾವೇಜು, ಸೀಲು, ದಂಡದ ಕಲಮು ಎಲ್ಲ ಒಂದೇ ಕಲ್ಲಿನಲ್ಲಿ.

ಅಕ್ಷರ ಸವೆದಿದ್ದರೆ ಸುಣ್ಣದ ಬಳಪ ತಿಕ್ಕಬೇಡಿ, ಹಿಟ್ಟು ಎಣ್ಣೆ ಸವರಬೇಡಿ. ಮಧ್ಯಾಹ್ನ ಹೋಗುವುದೂ ಬೇಡ. ಬೆಳಿಗ್ಗೆ ಏಳರ ಬಿಸಿಲು, ಸಂಜೆ ಐದೂವರೆಯ ಬಿಸಿಲು ಓರೆಯಾಗಿ ಬೀಳುತ್ತದೆ, ಗೀಚಿದ ಗೆರೆಯಲ್ಲೆಲ್ಲ ನೆರಳು ನಿಲ್ಲುತ್ತದೆ. ರಾತ್ರಿಯಾದರೆ ಮೊಬೈಲ್ ಟಾರ್ಚನ್ನು ಕಲ್ಲಿನ ಪಕ್ಕಕ್ಕೆ ಒತ್ತಿ ಹಿಡಿಯಿರಿ. ಒಮ್ಮೆ ಚಿಕ್ಕಪ್ಪನ ಊರಿನ ಬಸ್‌ಸ್ಟಾಪಿನ ಕಲ್ಲಿಗೆ ಹಾಗೆ ಬೆಳಕು ಹಿಡಿದಿದ್ದೆ. ದಿನಾ ಅದರ ಮೇಲೆ ಕೂರುತ್ತಿದ್ದ ಹುಡುಗನೊಬ್ಬ ಬಗ್ಗಿ ನೋಡಿ, "ಅಣ್ಣಾ, ಇದ್ರಾಗೆ ಕುದುರಿ ಐತಿ!" ಅಂತ ಕೂಗಿದ. ಲಗಾಮು, ಎತ್ತಿದ ಮುಂಗಾಲು, ಸವಾರನ ಓರೆ ಕೊಂಡೆ ಎಲ್ಲ ಒಂದೊಂದಾಗಿ ಎದ್ದುಬಂದವು.

ಸಿಮೆಂಟು, ಪೇಂಟು, ಅರಳಿ ಸಸಿ

ಒಳ್ಳೆಯ ಮನಸ್ಸಿನಿಂದಲೇ ಗುಡಿ ಹಾಳಾಗುವುದು ಹೀಗೆ. ಹಳೇ ಗೋಡೆಯೊಳಗೆ ಯಾವಾಗಲೂ ಸ್ವಲ್ಪ ತೇವ ಇರುತ್ತದೆ. ಸುಣ್ಣದ ಗಾರೆ ಆ ತೇವವನ್ನು ಹೊರಗೆ ಬಿಡುತ್ತದೆ. ಸಿಮೆಂಟು ಬಿಡುವುದಿಲ್ಲ. ಬೆವರಿದ ಮೈಗೆ ರೇನ್‌ಕೋಟ್ ಹಾಕಿದ ಹಾಗೆ. ದಾರಿ ಸಿಗದ ನೀರು ಕಲ್ಲಿನೊಳಗೇ ಉಳಿದು, ಅದರ ಉಪ್ಪು ಹರಳುಗಟ್ಟಿ, ಕಲ್ಲಿನ ಮುಖ ಹಪ್ಪಳದ ಹಾಗೆ ಏಳುತ್ತದೆ. ಆಯಿಲ್ ಪೇಂಟ್ ಮಾಡುವುದೂ ಇದನ್ನೇ, ಜೊತೆಗೆ ಕೆತ್ತನೆಯ ಸಣ್ಣ ಗೆರೆಗಳನ್ನು ಮುಚ್ಚುತ್ತದೆ.

ಕಲ್ಲಿನ ಸಂದಿಯಲ್ಲಿ ಹಕ್ಕಿ ಹಿಕ್ಕೆಯಿಂದ ಅರಳಿ ಸಸಿ ಹುಟ್ಟುತ್ತದೆ. ಮೇಲೆ ಕತ್ತರಿಸಿದರೆ ಬೇರು ಒಳಗೇ ದಪ್ಪವಾಗುತ್ತದೆ, ಬೆಣೆಯ ಕೆಲಸ ಮಾಡುತ್ತದೆ. ಎಳೆಯದಿದ್ದಾಗಲೇ ಬೇರು ಸಮೇತ ತೆಗೆಯಬೇಕು. ಬೇರು ಇಳಿದುಬಿಟ್ಟಿದ್ದರೆ ಎಳೆಯಲು ಹೋಗಬೇಡಿ, ಕಲ್ಲೇ ಕಳಚಿಕೊಳ್ಳುತ್ತದೆ. ಇಲಾಖೆಯವರಿಗೆ ಬಿಡಿ.

ಹೊಲದಲ್ಲಿ ಏನಾದರೂ ಸಿಕ್ಕರೆ?

ನೆಲದಲ್ಲಿ ಸಿಕ್ಕ ನಿಧಿಗೆ 1878ರಿಂದಲೇ ಕಾನೂನು ಇದೆ, ಕರ್ನಾಟಕಕ್ಕೆ 1962ರದ್ದು ಇದೆ. ನಾಣ್ಯ, ಒಡವೆ, ಬೆಲೆಬಾಳುವ ಯಾವುದೇ ವಸ್ತು ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು. ತಹಶೀಲ್ದಾರ್ ಕಚೇರಿಯಲ್ಲಿ ಹೇಳಿದರೂ ಅಲ್ಲಿಗೆ ತಲುಪುತ್ತದೆ. ಮೂರ್ತಿ, ಶಾಸನ ಸಿಕ್ಕರೆ ಇದ್ದ ಜಾಗದಲ್ಲೇ ಬಿಟ್ಟು ಫೋಟೋ ತೆಗೆದುಕೊಳ್ಳಿ. ಅದು ಯಾವ ದಿಕ್ಕಿಗೆ ಮುಖ ಮಾಡಿತ್ತು, ಎಷ್ಟು ಆಳದಲ್ಲಿತ್ತು ಅನ್ನೋದೂ ಒಂದು ಮಾಹಿತಿ. 1972ರ ಕಾನೂನು ಪ್ರಕಾರ 100 ವರ್ಷ ದಾಟಿದ ಕಲಾವಸ್ತು ಪುರಾತನ ವಸ್ತು, ಹಸ್ತಪ್ರತಿಗೆ 75 ವರ್ಷ ಸಾಕು. ಅಟ್ಟದ ಮೇಲಿನ ಓಲೆಗರಿ ಕಟ್ಟೂ ಇದರಲ್ಲಿ ಬರುತ್ತದೆ.

ದುರ್ಗದ ರಂಗಯ್ಯನ ಬಾಗಿಲ ಬಳಿ ಸರ್ಕಾರಿ ವಸ್ತುಸಂಗ್ರಹಾಲಯ ಇದೆ. ಕೋಟೆ ಹತ್ತುವ ಮುಂಚೆ ಅಲ್ಲೊಂದು ಅರ್ಧ ಗಂಟೆ ಕಳೆಯಿರಿ. ಹೆಸರು ಬರೆದಿಟ್ಟ ಕಲ್ಲುಗಳನ್ನು ಒಮ್ಮೆ ನೋಡಿದರೆ, ಹೆಸರಿಲ್ಲದವು ನಮ್ಮೂರಲ್ಲೇ ಕಣ್ಣಿಗೆ ಬೀಳತೊಡಗುತ್ತವೆ.

ಚಿಕ್ಕಪ್ಪನ ವಿಷಯ ಏನಾಯಿತು ಅಂದರೆ, ಒಂದು ಭಾನುವಾರ ನಾವಿಬ್ಬರೂ ಗುಡಿಯ ಗಡಿಗಲ್ಲಿನಿಂದ ಟೇಪ್ ಹಿಡಿದು ಅಳೆದೆವು. ಹಿತ್ತಲಿಗೆ 130 ಮೀಟರ್ ಬಂತು. ನಿಷೇಧಿತ ಅಲ್ಲ, ನಿಯಂತ್ರಿತ. ಜಾಗದ ಪತ್ರ, ಮನೆಯ ನಕ್ಷೆ ಸೇರಿಸಿ ಅರ್ಜಿ ಹಾಕಿದರು. ಅನುಮತಿ ಬರಲು ಕೆಲವು ತಿಂಗಳು ಹಿಡಿಯಿತು. ಮಳೆಗಾಲ ಕಳೆದ ಮೇಲೆ ಪಾಯ ತೆಗೆದರು. ಮೊನ್ನೆ ಮೋಲ್ಡ್ ಹಾಕಿದ ದಿನ ಫೋನ್ ಮಾಡಿ, ಬಸ್‌ಸ್ಟಾಪಿನ ಕಲ್ಲಿನ ಮೇಲೆ ಈಗ ಹುಡುಗರು ಯಾರನ್ನೂ ಕೂರಲು ಬಿಡುತ್ತಿಲ್ಲ ಅಂತ ಹೇಳಿದರು.